ದನಿ ಕೊಡದ ಕೀಬೋರ್ಡು

ಚಿಕ್ಕಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಆಪರೇಷನ್ ಮಾಡಲೇಬೇಕೆಂದು ಶಿವಮೊಗ್ಗದ ಡಾಕ್ಟರು ಹೇಳಿದ ಮೇಲೆ ಅವಳೇ ನನಗೆ ಫೋನ್ ಮಾಡಿದಳು.

"ಆಪರೇಷನ್ ಆದ್ಮೇಲೆ ದನಿ ಬದಲಾದ್ರೂ ಆಗ್ಬೋದು ಅಂದಾರೆ ಕಣೆ. ಅದ್ಕೂ ಮೊದ್ಲು ನಿನ್ ಮಷಿನ್ನಾಗೆ ನಂದೊಂದೆರಡು ಪದ ಹಿಡ್ಕಂಡು ಬಿಡು."

ಚಂದ್ರಗುತ್ತಿ ಹತ್ತಿರದ ಹಳ್ಳಿಯಲ್ಲಿ ಭಜನೆ ಮೇಳಕ್ಕೆ ಅವಳೇ ಮುಂದಾಳು. ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಸೊರಬದಲ್ಲಿ ಬಸ್ಸು ಬದಲಿಸಿ ನಾನಿರುವ ಶಿಕಾರಿಪುರಕ್ಕೆ ಬಂದಿಳಿದಳು. ಸಂಜೆ ಬಸ್ಸಿಗೆ ವಾಪಸ್ ಹೋಗಲೇಬೇಕಿತ್ತು.

ನನ್ನ ಮಷಿನ್ನು, ಅಂದರೆ ರೆಕಾರ್ಡಿಂಗಿನ ಲ್ಯಾಪ್‌ಟಾಪು, ಮೈಕು, ಕೀಬೋರ್ಡು, ಇದ್ದದ್ದು ಮಾವನವರ ಗೊಬ್ಬರ, ಬೀಜದ ಅಂಗಡಿಯ ಹಿಂದಿನ ಗೋಡೌನಿನ ಮೂಲೆಯಲ್ಲಿ. ಮನೆಯಲ್ಲಿ ಹಾಡಬೇಡ, ಬಾರಿಸಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ನಾನು ಕೀಬೋರ್ಡಿನ ಮುಂದೆ ಕೂತಾಗಲೆಲ್ಲ ಯಾರಿಗಾದರೂ ತಲೆನೋವು ಬರುತ್ತಿತ್ತು, ಇಲ್ಲವೇ ಯಾರದೋ ಧಾರಾವಾಹಿಯ ಹೊತ್ತಾಗಿರುತ್ತಿತ್ತು. ಕೊನೆಗೆ ಮಾವನವರೇ ಆ ಮೂಲೆ ಬಿಟ್ಟುಕೊಟ್ಟರು. ಸುತ್ತ ಮೆಕ್ಕೆಜೋಳದ ಬೀಜದ ಚೀಲಗಳಿದ್ದುದರಿಂದ ದನಿ ಗುಂಯ್‌ಗುಡುತ್ತಿರಲಿಲ್ಲ. ಅಲ್ಲೇ ಕೂತು ಶಾಲೆಗಳ ವಾರ್ಷಿಕೋತ್ಸವಕ್ಕೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತಿದ್ದೆ. ಕಿಟಕಿ ಇರಲಿಲ್ಲ, ಸೂರಿನ ಹತ್ತಿರ ಒಂದು ವೆಂಟಿಲೇಟರ್ ಅಷ್ಟೆ. ಹಿಂಬಾಗಿಲಿಗೆ ಗೊಬ್ಬರದ ಮೂಟೆ ಒಟ್ಟಿದ್ದರು. ಹೋಗಲು ಬರಲು ಅಂಗಡಿಯ ಶಟರ್ ಒಂದೇ ದಾರಿ.

ಚಿಕ್ಕಮ್ಮ ಬರುತ್ತಾಳೆಂದೇ ನಾನು ಹೊಸ ಮಿಡಿ ಕೀಬೋರ್ಡು ತರಿಸಿದ್ದೆ. ಅದಕ್ಕೆ ಸ್ವಂತ ದನಿಯಿಲ್ಲ. ಯಾವ ಸ್ವರದ ಮನೆ ಒತ್ತಿದೆವು, ಎಷ್ಟು ಜೋರಾಗಿ ಒತ್ತಿದೆವು ಎಂಬುದನ್ನು ಲ್ಯಾಪ್‌ಟಾಪಿಗೆ ತಿಳಿಸುತ್ತದೆ; ಹಾರ್ಮೋನಿಯಮ್ಮಿನ ದನಿ ಕೊಡುವುದು ಲ್ಯಾಪ್‌ಟಾಪಿನೊಳಗಿನ ಸಂಗೀತದ ಸಾಫ್ಟ್‌ವೇರ್. ಇವೆರಡರ ನಡುವೆ ಮಾತು ಮುಟ್ಟಿಸಲು ಡ್ರೈವರ್ ಎಂಬ ಇನ್ನೊಂದು ಪ್ರೋಗ್ರಾಂ ಬೇಕು. ಕೀಬೋರ್ಡಿನ ಜೊತೆ ಬಂದ ಡ್ರೈವರನ್ನು ಹಾಕಿದ ಹೊತ್ತಿನಿಂದ ನನ್ನ ಗ್ರಹಚಾರ ಕೆಟ್ಟಿತ್ತು. ಅದು ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸೌಂಡ್ ಬಾಕ್ಸಿನ ಡ್ರೈವರ್ ಜೊತೆ ಜಗಳಕ್ಕೆ ನಿಂತಿತು. ಮೈಕು ಕೇಳಿದರೆ ಕೀಬೋರ್ಡು ಮೂಕ, ಕೀಬೋರ್ಡು ಬಂದರೆ ಮೈಕು ಮೂಕ. ಎರಡನ್ನೂ ಜೋಡಿಸಿ ತೆರೆದರೆ ಸಾಫ್ಟ್‌ವೇರ್ ಅರ್ಧದಲ್ಲೇ ಗರಬಡಿದಂತೆ ನಿಂತುಬಿಡುತ್ತಿತ್ತು.

ಚಿಕ್ಕಮ್ಮ ಚೀಲವೊಂದರ ಮೇಲೆ ಕೂತು ನೋಡುತ್ತಿದ್ದಳು.

"ಎಂತ ಆತೆ?"

"ಡ್ರೈವರ್ ಸರಿ ಇಲ್ಲ ಚಿಕ್ಕಮ್ಮ."

"ಬೇರೆಯವ್ನ ಕರ್ಸದಲ್ದನೆ?"

ನಗು ಬಂತು, ನಗಲಾಗಲಿಲ್ಲ. ಸದ್ಯಕ್ಕೆ ದನಿಯೊಂದನ್ನೇ ಹಿಡಿಯೋಣ ಎಂದು ಮೊಬೈಲಿನಲ್ಲಿ ತಂಬೂರಿ ಹಾಕಿ ಕೊಟ್ಟೆ.

"ಸೊಳ್ಳೆ ಕಿವಿ ಹತ್ರ ಕೂತಂಗಾತು" ಎಂದು ತಿರುಗಿಸಿ ಕೊಟ್ಟಳು. "ಪೆಟ್ಟಿಗೆ ಇಲ್ದೆ ನಂಗೆ ಬಾಯೇ ಬರದಿಲ್ಲ ಮಾರಾಯ್ತಿ." ಹಾರ್ಮೋನಿಯಮ್ಮಿಗೆ ಅವಳು ಪೆಟ್ಟಿಗೆ ಎನ್ನುವುದು.

ನಾನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಲ್ಯಾಪ್‌ಟಾಪಿನೊಳಗೆ ಮುಳುಗಿದೆ. ಆಗಲೇ ಮಾವನವರು ಊಟಕ್ಕೆಂದು ಶಟರ್ ಎಳೆದು ಬೀಗ ಹಾಕಿಕೊಂಡು ಹೋದದ್ದು. ಬೀಗರು ಬಂದಿದ್ದಾರೆ, ಇಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ ಎಂದುಕೊಂಡಿದ್ದರಂತೆ. ಮನೆಯಲ್ಲಿ ಕಾಣದಿದ್ದಾಗಲೂ ಇಬ್ಬರೂ ಪೇಟೆ ಕಡೆ ಹೋಗಿರಬೇಕು ಎಂದುಕೊಂಡರಂತೆ. ಚಿಕ್ಕಮ್ಮ ನೀರು ತರಲು ಅಂಗಡಿಯ ಕಡೆ ಹೋದವಳು ಅಷ್ಟೇ ಬೇಗ ವಾಪಸ್ ಬಂದಳು.

"ಕತ್ಲಾಗದೆ ಕಣೆ ಅಲ್ಲಿ. ಬಾಗ್ಲು ಹಾಕ್ಯಾರೆ."

ಮಾವನವರಿಗೆ ಫೋನ್ ಮಾಡಿದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ರಿಂಗಾಯಿತು. ಮೊಬೈಲನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು. ಗಂಡ ಅಂಬ್ಲಿಗೊಳದ ಕಡೆ ರೈತರ ಹೊಲ ನೋಡಲು ಹೋಗಿದ್ದರು, ಸಿಗ್ನಲ್ ಇರಲಿಲ್ಲ. ಅತ್ತೆ ಬಳ್ಳಿಗಾವಿಯಲ್ಲಿ ನೆಂಟರ ಮನೆಯಲ್ಲಿದ್ದರು. ಮಾವನವರು ಉಂಡು ಒಂದು ನಿದ್ದೆ ತೆಗೆಯದೆ ಬರುವವರಲ್ಲ.

ಇಬ್ಬರೂ ಶಟರ್ ಬಡಿದೆವು. ಹೊರಗಿನಿಂದ ಒಂದು ಗಂಡಸಿನ ದನಿ ಕೇಳಿತು.

"ಯೂರಿಯಾ ಬಂದೈತೇನ್ರೀ?"

"ನಾವು ಒಳಗೆ ಸಿಕ್ಕಂಡೀವ್ರೀ!" ಎಂದು ಕೂಗಿದೆ. "ಯಜಮಾನ್ರ ಮನೆ ಹಿಂದಿನ ಓಣ್ಯಾಗೈತಿ. ಸ್ವಲ್ಪ ಹೋಗಿ ಹೇಳ್ರೀ."

"ಆತ್ರಿ" ಎಂದಿತು ದನಿ. ಆಮೇಲೆ ಎಷ್ಟು ಹೊತ್ತು ಕಾದರೂ ಯಾರೂ ಬರಲಿಲ್ಲ.

ಒಳಗೆ ಗೊಬ್ಬರದ ಘಾಟು ಏರುತ್ತಿತ್ತು. ಮೈಯೆಲ್ಲ ಬೆವರು. ನನ್ನ ಬಾಟಲಿಯ ತಳದಲ್ಲಿದ್ದ ನೀರನ್ನು ಚಿಕ್ಕಮ್ಮನ ಗಂಟಲಿಗೆಂದು ಎತ್ತಿಟ್ಟೆ. ಮೊಬೈಲನ್ನು ವೆಂಟಿಲೇಟರಿನ ಕೆಳಗೆ ಮೂಟೆಗಳ ತುದಿಯಲ್ಲಿ ಇಟ್ಟು, ಅದರ ಇಂಟರ್ನೆಟ್ಟಿನಿಂದ ಹೊಸ ಡ್ರೈವರ್ ಇಳಿಸಲು ನೋಡಿದೆ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಮತ್ತೆ ಶುರು, ಮತ್ತೆ ಕಡಿತ. ಶಟರ್ ತೆರೆಯದಿದ್ದರೆ ಹೋಗಲಿ, ಒಳಗಿನ ಇದೊಂದಾದರೂ ತೆರೆಯಬಾರದೇ ಎನ್ನಿಸಿ ಕಣ್ಣು ತುಂಬಿತು.

ಚಿಕ್ಕಮ್ಮ ಪಕ್ಕಕ್ಕೆ ಬಂದು ಕೂತಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕುತ್ತಿಗೆಯನ್ನು ಒರೆಸಿಕೊಂಡಳು.

"ನಿನ್ ಚಿಕ್ಕಪ್ಪಂಗೆ ದನಿ ವಿಷ್ಯ ಹೇಳ್ಲಿಲ್ಲೆ" ಎಂದಳು. "ಬರೀ ಗಂಟು ತೆಗೀತಾರೆ ಅಂದೀನಿ."

"ಯಾಕೆ ಚಿಕ್ಕಮ್ಮ?"

"ಹಂಗಾರೆ ಆಪರೇಷನ್ನೇ ಬ್ಯಾಡ ಅಂದ್ರೆ? ನಂಗೂ ಒಳಗೆ ಅದೇ ಆಸೆ ಅದೆ. ಅವ್ರು ಬ್ಯಾಡ ಅಂದ್ಬಿಟ್ರೆ ಹೋಗದೇ ಇದ್ಬಿಡ್ತೀನಿ. ಅದ್ಕೇ ಹೆದ್ರಿಕೆ."

ಅವಳ ಕೈ ಹಿಡಿದು ಒತ್ತಿದೆ. ಆಮೇಲೆ ಹೊಸ ಡ್ರೈವರಿನ ಆಸೆಯನ್ನೇ ಕೈಬಿಟ್ಟೆ. ಲ್ಯಾಪ್‌ಟಾಪಿನಲ್ಲೇ ಇರುವ ಸಾಮಾನ್ಯ ಡ್ರೈವರ್ ಸಾಕಾದೀತೆಂದು ಕೀಬೋರ್ಡಿನ ವೈರು ಕಿತ್ತು, ಅದರ ಕಂಪನಿಯ ಡ್ರೈವರನ್ನು ಪೂರ್ತಿ ತೆಗೆದುಹಾಕಿದೆ. ಸಾಧನಗಳ ಪಟ್ಟಿಯಲ್ಲಿ ಅಡಗಿದ್ದವನ್ನೂ ತೋರಿಸುವಂತೆ ಮಾಡಿದಾಗ, ಒಂದೇ ಕೀಬೋರ್ಡಿನ ಹೆಸರು ಮಸುಕಾಗಿ ಮತ್ತೆ ಮತ್ತೆ ಕಾಣಿಸಿತು. ಬೇರೆ ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗಲೆಲ್ಲ ಉಳಿದುಹೋದ ಹಳೆಯ ನೆನಪುಗಳು. ಒಂದೊಂದಾಗಿ ಎಲ್ಲವನ್ನೂ ಅಳಿಸಿ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿ, ಕೀಬೋರ್ಡು ಚುಚ್ಚಿದೆ. ಸಾಫ್ಟ್‌ವೇರ್ ಈ ಸಲ ನಿಲ್ಲದೆ ತೆರೆದುಕೊಂಡಿತು. ಮೈಕೂ ಬಂತು. ಆದರೆ ಕೀಬೋರ್ಡನ್ನು ಬೇರೆ ಪ್ರೋಗ್ರಾಂ ಬಳಸುತ್ತಿದೆ ಎಂದಿತು.

ಯಾವ ಪ್ರೋಗ್ರಾಂ? ನಾನೇನೂ ತೆರೆದಿರಲಿಲ್ಲ. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಸಣ್ಣ ಗುರುತೊಂದು ಕಂಡಿತು. ಕೀಬೋರ್ಡಿನ ಸೆಟ್ಟಿಂಗ್ ಬದಲಿಸಲು ಅದೇ ಕಂಪನಿ ಕೊಟ್ಟಿದ್ದ ಪುಟ್ಟ ಪ್ರೋಗ್ರಾಂ ಅದು. ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ ತಾನಾಗಿ ಎದ್ದು, ಕೀಬೋರ್ಡನ್ನು ಹಿಡಿದು ಕೂತುಬಿಡುತ್ತಿತ್ತು. ಅದನ್ನು ಮುಚ್ಚಿ, ಸಾಫ್ಟ್‌ವೇರನ್ನು ಮತ್ತೊಮ್ಮೆ ತೆರೆದು ಒಂದು ಮನೆ ಒತ್ತಿದೆ. ಹಾರ್ಮೋನಿಯಂ ಉಲಿಯಿತು.

ಚಿಕ್ಕಮ್ಮ ಉಳಿದಿದ್ದ ನೀರು ಕುಡಿದು, ಮೈಕಿನ ಮುಂದೆ ನೆಟ್ಟಗೆ ಕೂತು, "ಶ್ರುತಿ ಒಂಚೂರು ಏರ್ಸು" ಎಂದಳು. ಏರಿಸಿ ಬಾರಿಸತೊಡಗಿದೆ. ಹಾಡಿದಳು.

ಅವಳ ದನಿಯನ್ನು ಚಿಕ್ಕಂದಿನಿಂದ ಕೇಳಿದವಳು ನಾನು. ಅಷ್ಟು ಹತ್ತಿರದಿಂದ, ಹೆಡ್‌ಫೋನಿನಲ್ಲಿ ಉಸಿರು ಸಮೇತ ಕೇಳಿದ್ದು ಅದೇ ಮೊದಲು. ಮೇಲಿನ ಸ್ವರಕ್ಕೆ ಹೋಗುವಾಗ ಗಂಟು ನೋಯುತ್ತಿತ್ತೇನೋ, ಕಣ್ಣು ಮುಚ್ಚುತ್ತಿದ್ದಳು. ದನಿ ಮಾತ್ರ ಅಳುಕುತ್ತಿರಲಿಲ್ಲ. ಒಂದು ಪದ ಮುಗಿಯಿತು, ಇನ್ನೊಂದೂ ಮುಗಿಯಿತು. ಮತ್ತೊಂದರ ನಡುವೆ ಧಡಧಡನೆ ಶಟರ್ ಎದ್ದಿತು.

"ಶಿವಶಿವಾ! ಒಳಗೇ ಇದ್ರೇನವ್ವಾ?" ಎನ್ನುತ್ತಾ ಮಾವನವರು ಓಡಿಬಂದರು. ಅವರ ಹಿಂದೆ ಯೂರಿಯಾ ಕೇಳಿದ ರೈತ ನಿಂತಿದ್ದ.

"ಯಜಮಾನ್ರು ಮಲಗಿದ್ರು ನೋಡ್ರಿ" ಎಂದ ಅವನು ಸಂಕೋಚದಿಂದ. "ದೊಡ್ಡೋರ್ನ ಎಬ್ಸೋದ್ ಹೆಂಗ ಅಂತ ಕಟ್ಟಿ ಮ್ಯಾಲೆ ಕುಂತಿದ್ದೆ."

ಚಿಕ್ಕಮ್ಮ ಮನೆಯ ಬಚ್ಚಲಿನ ಕಡೆ ದೌಡಾಯಿಸಿದಳು. ಮತ್ತೊಮ್ಮೆ ಹಾಡಲು ಹೊತ್ತಿರಲಿಲ್ಲ, ಬಸ್ಸಿನ ಸಮಯವಾಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಬಹಳ ದಿನ ಗೊಗ್ಗರಾಗಿತ್ತು. ಆಮೇಲೆ ಬಂತು, ಆದರೆ ತಗ್ಗಿನಲ್ಲಿ. ಮೇಲಿನ ಸ್ವರಗಳು ಬರಲೇ ಇಲ್ಲ. ಈಗ ಮೇಳದಲ್ಲಿ ಅವಳು ಪದ ಎತ್ತಿಕೊಡುತ್ತಾಳೆ, ಏರಿದಾಗ ಉಳಿದವರು ಹಾಡುತ್ತಾರೆ.

ಹೋದ ತಿಂಗಳು ಅವರ ಮನೆಗೆ ಹೋದಾಗ ರೆಕಾರ್ಡಿಂಗ್ ಕೇಳಿಸಿದೆ. ಜಗಲಿಯ ಮೇಲೆ ಚಿಕ್ಕಪ್ಪನೂ ಕೂತಿದ್ದರು. ಅವರು ಮುಖ ಆಚೆ ತಿರುಗಿಸಿಕೊಂಡರು. ಚಿಕ್ಕಮ್ಮ ಮಾತ್ರ ತಲೆದೂಗುತ್ತಾ ಕೊನೆಯವರೆಗೂ ಕೇಳಿದಳು.

"ಚಲೋ ಹಾಡ್ತಾಳೆ" ಎಂದಳು. "ಆದ್ರೂ ಒಂಚೂರು ಅವಸ್ರ ಮಾಡ್ತಾಳೆ."