ಬೆಂಡು ಕಟ್ಟದ ಗಾಳ

ನಮ್ಮ ಭಾವನಿಗೆ ಕ್ಷೌರದಂಗಡಿ ಹೊಟ್ಟೆಪಾಡು, ಗಾಳ ಹುಚ್ಚು. ಅಕ್ಕನನ್ನು ಮದುವೆಯಾದ ಹೊಸದರಲ್ಲೇ ಆ ಹುಚ್ಚನ್ನು ನನಗೂ ಹತ್ತಿಸಿಬಿಟ್ಟರು. ವಾರದ ರಜೆ ಬಂತೆಂದರೆ ಇಬ್ಬರೂ ಸೈಕಲ್ ತುಳಿದುಕೊಂಡು ಊರಾಚೆಯ ಜಲಾಶಯಕ್ಕೆ ಹೋಗಿ ದಡದ ಕಲ್ಲುಗಳ ಮೇಲೆ ಕೂರುತ್ತಿದ್ದೆವು. ಎದುರಿನ ದಡ ಕಾಣದಷ್ಟು ನೀರು. ಇಷ್ಟಾಗಿ ಮನೆಗೆ ತರುತ್ತಿದ್ದುದು ಬೆರಳುದ್ದದ ಎರಡೋ ಮೂರೋ ಮೀನು.

"ಇಷ್ಟಕ್ಕೆ ಇಡೀ ದಿನ ಬೇಕಿತ್ತಾ? ಇದನ್ನ ಬೆಕ್ಕೂ ಮೂಸಲ್ಲ" ಎಂದು ಅಕ್ಕ ರೇಗುತ್ತಿದ್ದಳು.

ಗಾಳಕ್ಕೆ ಬೆಂಡು ಕಟ್ಟುವವರನ್ನು ಕಂಡರೆ ಭಾವನಿಗೆ ತಾತ್ಸಾರ. ತೇಲುವ ಬೆಂಡು ಮುಳುಗಿದ್ದನ್ನು ನೋಡಿ ಕೋಲೆತ್ತುವುದು ನನ್ನಂಥವರ ಕೆಲಸ. ಅವರು ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ದಾರ ಒಂಚೂರು ಮಿಡಿದರೂ ಸಾಕು, ಮೀನು ಮೂಸುತ್ತಿದೆಯೋ, ಕಚ್ಚಿತೋ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ಅದೇ ಕೈ ಕತ್ತಿ ಹಿಡಿದು ಊರಿನ ಅರ್ಧ ಗಂಡಸರ ಗಂಟಲ ಮೇಲೆ ಆಡಿದೆ. ಒಂದು ಗೀರೂ ಬಿದ್ದದ್ದನ್ನು ನಾನು ಕಂಡಿಲ್ಲ. ನನಗಂತೂ ಆ ಕುರ್ಚಿಯಲ್ಲಿ ಕೂತು ಸೋಪು ಹಚ್ಚಿಸಿಕೊಂಡರೆ ನಿದ್ದೆಯೇ ಬಂದುಬಿಡುತ್ತಿತ್ತು.

ಈ ಬೇಸಿಗೆಯಲ್ಲಿ ಒಂದು ದಿನ ಭಾವ ಸುಮ್ಮಸುಮ್ಮನೆ ಗಾಳ ಎತ್ತತೊಡಗಿದರು. ಸರಕ್ಕನೆ ಎಳೆದರೆ ಕೊಕ್ಕೆಯಲ್ಲಿ ಎರೆಹುಳು ಹಾಗೇ ನುಲಿಯುತ್ತಿರುತ್ತಿತ್ತು. ಮತ್ತೆ ಬಿಟ್ಟರು, ಮತ್ತೆ ಎಳೆದರು.

"ಏನ್ ಭಾವ, ಎರೆಹುಳಕ್ಕೆ ಈಜು ಕಲಿಸ್ತಿದ್ದೀರಾ?"

"ಸುಮ್ನಿರೋ. ಕಚ್ಚಿ ಬಿಟ್ಟುಬಿಡ್ತಿವೆ, ಕಳ್ಳ ಮುಂಡೇವು."

ನಾನು ನಗುತ್ತಲೇ ಅವರ ಕೈಯ ಕಡೆ ನೋಡಿದೆ. ದಾರ ಸಡಿಲವಾಗಿತ್ತು. ಬೆರಳು ಮಾತ್ರ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

"ಯಾವಾಗಿಂದ ಭಾವ?"

"ಚಳಿಗಾಲದಿಂದ. ಡಾಕ್ಟರು ಇದು ಹೋಗಲ್ಲ ಅಂದ್ರು, ಜಾಸ್ತಿ ಆಗುತ್ತಂತೆ. ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ."

"ಮತ್ತೆ ಅಂಗಡೀಲಿ?"

"ಹೇಗೋ ಕತ್ತರಿ ಆಡಿಸ್ತೀನಿ. ಶೇವಿಂಗ್‌ಗೆ ಬಂದೋರಿಗೆ ಕತ್ತಿ ಸಾಣೆಗೆ ಕೊಟ್ಟಿದ್ದೀನಿ ಅಂತೀನಿ."

ಅದಕ್ಕೇ "ಗಡ್ಡ ನಿನಗೊಪ್ಪುತ್ತೆ, ಬಿಡು" ಎಂದು ನನ್ನನ್ನು ಉಬ್ಬಿಸಿದ್ದು! ನಾನೋ, ಕನ್ನಡಿ ಮುಂದೆ ನಿಂತು ನಂಬಿಯೂ ಬಿಟ್ಟಿದ್ದೆ. ಅವರಿಗೆ ಬೇರೆ ಕಸುಬು ಗೊತ್ತಿಲ್ಲ. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂತು. ಚೀಲದಿಂದ ಬೆಂಡೊಂದನ್ನು ತೆಗೆದು ಅವರ ಮುಂದೆ ಹಿಡಿದೆ.

"ನಿನ್ನ ಬೆಂಡು ನೀನೇ ಇಟ್ಕೋ" ಎಂದು ಮುಖ ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವರ ದಾರ ಬಿಗಿಯಾಯಿತು, ಕೋಲಿನ ತುದಿ ಬಾಗಿತು. ಭಾವ ಕಣ್ಣು ಮುಚ್ಚಿ ಕದಲದೆ ಕೂತಿದ್ದರು.

"ಭಾವ, ಎಳೀರಿ!"

"ಮೀನಲ್ಲ ಕಣೋ, ಅದು ನಾನೇ."

"ಅಯ್ಯೋ ಕಣ್ಣು ಬಿಡಿ, ಕೋಲು ನೋಡಿ!"

ಅವರು ಕಣ್ಣು ಬಿಡುವಷ್ಟರಲ್ಲಿ ದಾರ ಪಟ್ಟನೆ ಹರಿಯಿತು. ಅಷ್ಟು ದೊಡ್ಡ ಮೀನು ನಮ್ಮಿಬ್ಬರ ಗಾಳಕ್ಕೂ ಎಂದೂ ಬಿದ್ದಿರಲಿಲ್ಲ. ತುಂಡು ದಾರವನ್ನು ಬೆರಳಿಗೆ ಸುತ್ತಿಕೊಂಡು ಭಾವ ಬಿಕ್ಕಿ ಬಿಕ್ಕಿ ಅತ್ತರು.

ಮರುದಿನ ಬೆಳಿಗ್ಗೆ ಅಂಗಡಿಗೆ ಕರೆದರು. "ಕೂತ್ಕೋ, ಗಡ್ಡ ತೆಗೀತೀನಿ. ನಿನ್ನ ಮುಖ ನನಗೆ ಬಾಯಿಪಾಠ."

ಕೂತೆ. ಸೋಪು ಹಚ್ಚಿದರು, ಕತ್ತಿ ಬಿಚ್ಚಿದರು, ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದರು. ಕತ್ತಿಯ ತಣ್ಣನೆಯ ಅಲಗು ಕಿವಿಯ ಕೆಳಗೆ ತಾಗಿತು. ನಾನು ಉಸಿರು ಬಿಗಿಹಿಡಿದು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕನ್ನಡಿಯಲ್ಲಿ ಆ ಕೈಯನ್ನೇ ನೋಡುತ್ತಿದ್ದೆ.

ಭಾವ ಕತ್ತಿ ತೆಗೆದರು.

"ಇವತ್ತು ನಿದ್ದೆ ಬರಲಿಲ್ಲ, ಅಲ್ವೇನೋ?"

ನಾನು ಕುರ್ಚಿಯ ಕೈಗಳನ್ನು ಬಿಟ್ಟೆ. ಅವರು ಕತ್ತಿ ಮಡಚಿಟ್ಟು, ಟವೆಲ್ಲಿನಿಂದ ನನ್ನ ಕೆನ್ನೆಯ ಸೋಪನ್ನು ನಿಧಾನವಾಗಿ ಒರೆಸಿದರು.

"ಮುಂದಿನ ಬೀದೀಲಿ ಹೊಸಬ ಒಬ್ಬ ಅಂಗಡಿ ಹಾಕಿದ್ದಾನೆ. ಅಲ್ಲಿಗೆ ಹೋಗು" ಎಂದರು. "ಅವನ ಕೈ ಚೆನ್ನಾಗಿದೆಯಂತೆ."