ಹೆಸರು ಹಿಡಿದು ಕರೆಯದ ಗುರುಬಾಯಿ

ಹೈದರಾಬಾದಿನ ಕೊಂಡಾಪುರದಲ್ಲಿ ಐಟಿ ಕಟ್ಟಡಕ್ಕೆಂದು ತೋಡಿದ ಪಾಯ ಸೀದಾ ನರಕಕ್ಕೇ ತೆರೆದುಕೊಂಡಿತ್ತು. ಸತ್ತ ಗಂಡ ಅಮರೇಶಪ್ಪನನ್ನು ಕರೆತರಲು ಅದರೊಳಗೆ ಇಳಿದ ಕಾಚಿಗೂಡದ ಖಾನಾವಳಿಯ ಗುರುಬಾಯಿ, ಕಾಲು ಜಾರಿ ಯಮನ ಕೋಣದ ಮೇಲೆಯೇ ದೊಪ್ಪನೆ ಕುಳಿತಳು.

"ನರಕದ ಬಾಗಿಲು ಮುಚ್ಚೋದ್ರೊಳಗ ನಿನ್ನ ಗಂಡನ್ನ ಕರಿ ಯವ್ವಾ. ಬಂದವರನ್ನ ಕರ್ಕೊಂಡು ಹೋಗು," ಎಂದ ಕಾವಲಿನ ದೂತ.

ಗುರುಬಾಯಿ ಬೆವೆತಳು. ಮದುವೆಯಾದಂದಿನಿಂದ ಗಂಡನ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ.

"ರಾಹುಲನ ಅಪ್ಪಾ, ಲಗೂ ಬರ್ರೀ!" ಎಂದು ಮಗನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದಳು.

ಹೈದರಾಬಾದಿನ ರಾಹುಲರ ಅಪ್ಪಂದಿರೆಲ್ಲ ಕುದಿಯುವ ಎಣ್ಣೆಯಿಂದೆದ್ದು, ಪಾಯ ಹತ್ತಿ ಪಾರಾದರು. ಆ ನೂಕುನುಗ್ಗಲಿನಲ್ಲಿ ಅಮರೇಶಪ್ಪ ಮಾತ್ರ ಹಿಂದೆಯೇ ಉಳಿದ. ಬಾಗಿಲು ಮುಚ್ಚತೊಡಗಿತು. ಗುರುಬಾಯಿ ಎದೆ ಬಡಿದುಕೊಂಡಳು.

"ಹೆಸರು ಹಿಡದು ಕರಿ ಯವ್ವಾ! ಸತ್ತ ಗಂಡನ ಹೆಸರು ಹೇಳಾಕ ಏನಡ್ಡಿ?" ದೂತನೂ ಕಂಗಾಲಾದ.

ಗುರುಬಾಯಿ ಕಣ್ಣೊರೆಸಿಕೊಂಡಳು.

"ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತ್ರಿ."