ಎಂಟು ಕಡ್ಡಿ

ಆ ಗಾಲಿಯ ಕಡ್ಡಿ ಸಡಿಲ ಮಾಡಿದವಳು ನಾನು. ನನ್ನ ಮಗಳು ಕಸ್ತೂರಿ ಅಲ್ಲ. ಗಾಲಿ ಕಟ್ಟಿದವಳು ಅವಳು, ಕೆಡಿಸಿದವಳು ನಾನು — ಎಂಟು ಕಡ್ಡಿ, ಒಂದೊಂದಕ್ಕೆ ಎರಡು ಸುತ್ತು. ಆ ಸೈಕಲ್ಲಿನಿಂದ ಬಿದ್ದ ಹುಡುಗಿಯ ಮೊಣಕೈ ಇವತ್ತಿಗೂ ನೆಟ್ಟಗಾಗಿಲ್ಲ. ತಪ್ಪು ತನ್ನದೇ ಎಂದು ನನ್ನ ಮಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಂಬಿದ್ದಾಳೆ. ನಾನು ನಂಬಲು ಬಿಟ್ಟಿದ್ದೇನೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರೆಯುವುದು ನನ್ನ ಕೆಲಸವಲ್ಲ. ಆದರೂ ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲಿಲ್ಲ. ಬರೆಸಿದ್ದರೆ ಅವರು ಮರುಕಪಟ್ಟು ನನ್ನ ಪರವಾಗಿ ಎರಡು ಮಾತು ಸೇರಿಸುತ್ತಿದ್ದರು.

ಕುರ್ಲಾ ಸ್ಟೇಷನ್ನಿನ ಹತ್ತಿರ ನಮ್ಮ ಚಾಳು. ನನ್ನ ಯಜಮಾನರು ವಿಜಾಪುರದ ಕಡೆಯವರು. ಮಿಲ್ಲು ಬಿಟ್ಟ ಮೇಲೆ ಚಾಳಿನ ಮೆಟ್ಟಿಲ ಕೆಳಗೆ ಸೈಕಲ್ ರಿಪೇರಿ ಇಟ್ಟುಕೊಂಡರು. ಪಂಕ್ಚರು, ಬ್ರೇಕು, ಚೈನು ಅವರದು. ಗಾಲಿ ನನ್ನದು. ನಡುವಿನ ಹಬ್ಬಿಗೆ ನಲವತ್ತು ಕಡ್ಡಿ ಪೋಣಿಸಿ, ರಿಮ್ಮಿಗೆ ಸಿಕ್ಕಿಸಿ, ಚಿಕ್ಕ ಚಾವಿಯಿಂದ ಒಂದೊಂದನ್ನೇ ಬಿಗಿ ಮಾಡಬೇಕು — ತಿರುಗಿಸಿದರೆ ಗಾಲಿ ಓಲಾಡಬಾರದು. ಇದಕ್ಕೆ ಅಂಗಡಿಯವರು ಔಟ್ ತೆಗೆಯುವುದು ಎನ್ನುತ್ತಾರೆ. ತಿರುಗುವ ರಿಮ್ಮಿನ ಪಕ್ಕ ಕೂದಲೆಳೆ ಅಂತರದಲ್ಲಿ ಸೀಮೆಸುಣ್ಣ ಹಿಡಿಯುತ್ತೇವೆ. ಎಲ್ಲಿ ಔಟ್ ಇದೆಯೋ ಅಲ್ಲಿ ತಾಕಿ ಬಿಳಿ ಗೆರೆ ಬೀಳುತ್ತದೆ. ಎಲ್ಲಿಯೂ ತಾಕದಿದ್ದರೆ ಗಾಲಿ ಸರಿ. ಸುತ್ತಲಿನ ಅಂಗಡಿಯವರೆಲ್ಲ ತಮ್ಮ ಕೈಗೆ ಬಗ್ಗದ ಗಾಲಿಗಳನ್ನು "ಮಾವಶಿಗೆ ಕೊಡ್ರೋ" ಎಂದು ನನ್ನ ಬಾಗಿಲಿಗೆ ಕಳಿಸುತ್ತಿದ್ದರು; ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಬೇರೆ ಯಾವುದರಲ್ಲೂ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಅದೊಂದರಲ್ಲಿ ಕೇಳುತ್ತಿದ್ದರು.

ಕಸ್ತೂರಿ ಆಗ ಮಾಟುಂಗದ ಕಡೆ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಅಪ್ಪ ನಾಲ್ಕು ಹಳೆಯ ಸೈಕಲ್ಲುಗಳ ಭಾಗ ಕೂಡಿಸಿ ಅವಳಿಗೊಂದು ಸೈಕಲ್ ಮಾಡಿಕೊಟ್ಟಿದ್ದರು. ಕಾಲೇಜಿನ ಆಟದ ಸರ್ ಬೇಸಿಗೆ ರಜೆಯಲ್ಲಿ ಆರು ಮಂದಿಯನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗುವವರಿದ್ದರು. ಅಲ್ಲಿ ಎತ್ತರದ ಬೆಟ್ಟದ ಮೇಲೆ ಸರಕಾರ ಕಾಯುವ ಕಾಡು ಇದೆಯಂತೆ, ಅದರೊಳಗೆ ಸೈಕಲ್ ಹೊಡೆಯುವುದಂತೆ.

"ಡಾಂಬರ್ ಇಲ್ಲವ್ವಾ ಅಲ್ಲೆ, ಬರೇ ಖಡಿ," ಎಂದಿದ್ದಳು. "ಮ್ಯಾಲೆ ಬರ್ಫ್, ಕೆಳಗ ಖಡಿ. ಮಸ್ತ್ ಅಲ್ಲ?"

"ಖಡಿ ನೋಡಾಕ ಅಲ್ಲೀತನಕ ಯಾಕ ಹೋಗಬೇಕ? ಸ್ಟೇಷನ್ ಹಳಿ ಮ್ಯಾಲೆ ಬೇಕಾದಷ್ಟು ಐತಿ," ಎಂದೆ. ಅವಳು ನಕ್ಕಳು. ಆಗ ನಾವು ನಗುತ್ತಿದ್ದೆವು.

ಹೋಗುವ ಮೊದಲು ಬೊರಿವಲಿಯ ನ್ಯಾಷನಲ್ ಪಾರ್ಕಿನ ಗುಡ್ಡದ ಮೇಲೆ ಒಂದು ಪರೀಕ್ಷೆ. ಅಲ್ಲಿಯ ಜಲ್ಲಿಕಲ್ಲಿನ ಖಡಿ ದಾರಿಯಲ್ಲಿ ಯಾರ ಕಾಲು, ಯಾರ ಸೈಕಲ್ ತಡೆಯುತ್ತದೋ ಅವರು ಹಿಮಾಲಯಕ್ಕೆ. ಅದಕ್ಕಾಗಿ ಹಿಂದಿನ ಗಾಲಿ ಹೊಸದಾಗಿ ಕಟ್ಟಬೇಕಾಯಿತು. ನಾನು ಕೈ ಚಾಚಿದೆ. "ಇದು ನಾ ಕಟ್ತೀನಿ. ನೀ ಮುಟ್ಟಬ್ಯಾಡ, ಬರೇ ನೋಡ," ಎಂದಳು. ಮೂರು ದಿನ ಚಾಳಿನ ಗ್ಯಾಲರಿಯಲ್ಲಿ ಕೂತು ಕಟ್ಟಿದಳು. ಅವಳು ಕಟ್ಟಿದ ಮೊದಲನೆಯ ಗಾಲಿ ಅದು. ಕಡೆಯದೂ ಅದೇ.

ಶುಕ್ರವಾರ ಸರ್ ಸೈಕಲ್ ನೋಡಲು ಅಂಗಡಿಗೆ ಬಂದರು. ಸೈಕಲ್ ತಿರುವಿ ನಿಲ್ಲಿಸಿ ಹಿಂದಿನ ಗಾಲಿ ತಿರುಗಿಸಿದರು, ಬಗ್ಗಿ ನೋಡಿದರು, ಮತ್ತೆ ತಿರುಗಿಸಿದರು. ಯಾರು ಕಟ್ಟಿದ್ದು ಎಂದು ಕೇಳಿ, "ಆಯೀಪೇಕ್ಷಾ ಲೇಕೀಚಾ ಹಾತ್ ಚಾಂಗಲಾ ಆಹೇ!" ಎಂದರು. ತಾಯಿಗಿಂತ ಮಗಳ ಕೈ ಛಲೋ ಐತಿ ಎಂದು. ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ನನ್ನ ಯಜಮಾನರಿಗಂತೂ ಹಿಗ್ಗೋ ಹಿಗ್ಗು.

"ಕೇಳಿದೇನ? ಇನ್ನ ಮ್ಯಾಲೆ ನೀ ರೊಟ್ಟಿ ಬಡೀತಾ ಕುಂಡ್ರು. ಗಾಲಿ ಮಗಳಿಗೆ ಬಿಡು!"

ನಾನೂ ನಕ್ಕೆ. ನಗದೇ ಇದ್ದರೆ ಗೊತ್ತಾಗುತ್ತಿತ್ತಲ್ಲ.

ಮರುದಿನ ಶನಿವಾರ ಮಧ್ಯಾಹ್ನ. ಅವಳು ಕಾಲೇಜಿಗೆ ಹೋಗಿದ್ದಳು, ಯಜಮಾನರು ಸಾಮಾನು ತರಲು ಹೋಗಿದ್ದರು. ಸೈಕಲ್ ಗ್ಯಾಲರಿಯಲ್ಲಿತ್ತು. ಎಲ್ಲಾದರೂ ತಪ್ಪು ಸಿಗುತ್ತದೆ ಎಂದು ನಾನು ಸೀಮೆಸುಣ್ಣ ತೆಗೆದುಕೊಂಡು ಕೂತೆ. ಗಾಲಿ ತಿರುಗಿಸಿದೆ. ಒಂದೊಂದೇ ಕಡ್ಡಿ ಬೆರಳಿನಿಂದ ಮೀಟಿದೆ — ನಲವತ್ತಕ್ಕೂ ಒಂದೇ ದನಿ. ನಾನು ಕಟ್ಟಿದ್ದರಲ್ಲಿ ಒಂದೆರಡಾದರೂ ಬೇರೆ ದನಿ ಇರುತ್ತಿದ್ದವು. ಒಂದು ತಪ್ಪು ಸಿಕ್ಕಿದ್ದರೆ ಬಹುಶಃ ಅದನ್ನು ತಿದ್ದಿ ಸುಮ್ಮನಾಗುತ್ತಿದ್ದೆನೋ ಏನೋ. ಸಿಗಲಿಲ್ಲ. ಚಾವಿ ತೆಗೆದುಕೊಂಡೆ.

ಅಡ್ಡಾದಿಡ್ಡಿ ಸಡಿಲ ಮಾಡಿದರೆ ಗಾಲಿ ಓಲಾಡಿ ಅವಳಿಗೆ ತಿಳಿದುಬಿಡುತ್ತದೆ. ಎಡಗಡೆಯವು ನಾಲ್ಕು, ಬಲಗಡೆಯವು ನಾಲ್ಕು, ಒಂದರ ಪಕ್ಕ ಒಂದು, ಸಮವಾಗಿ ಸಡಿಲಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಕಟ್ಟಲು ಬರುವವರಿಗೆ ಮಾತ್ರ ಹಾಗೆ ಕೆಡಿಸಲು ಬರುತ್ತದೆ.

ಓದುವವರು ಅಂದುಕೊಳ್ಳಬಹುದು — ಹರೆಯದ ಮಗಳು, ಹುಡುಗರ ಜೊತೆ ಬೆಟ್ಟಕ್ಕೆ ಹೊರಟಿದ್ದಾಳೆ, ತಾಯಿಗೆ ಹೆದರಿಕೆ ಆಗಿರಬೇಕು. ಬೆಳಗಾವಿಯಿಂದ ಒಂದು ಸಂಬಂಧವೂ ಬಂದಿತ್ತು. ಎಷ್ಟೋ ವರ್ಷ ನಾನೂ ನನಗೆ ಅದನ್ನೇ ಹೇಳಿಕೊಂಡೆ. ಸುಳ್ಳು. ಹೆದರಿಕೆ ಇದ್ದಿದ್ದರೆ ಬಾಯಿಬಿಟ್ಟು ಬೇಡ ಎನ್ನುತ್ತಿದ್ದೆ, ಅವಳು ಕೇಳುತ್ತಿದ್ದಳು. ಅವಳು ಹೋಗುವುದು ಬಿಡುವುದು ನನಗೆ ಬೇಕಾಗಿರಲಿಲ್ಲ. ಗುಡ್ಡ ಹತ್ತುವಾಗ ಗಾಲಿ ಕುಂಟಬೇಕು, ಸರ್ ಮುಖ ಸಿಂಡರಿಸಬೇಕು, ಅವಳು ಮನೆಗೆ ಬಂದು "ಯವ್ವಾ, ನೀನ ಕಟ್ಟಿಕೊಡು" ಎನ್ನಬೇಕು — ಅಷ್ಟೇ ಬೇಕಾಗಿತ್ತು. ಹೊಟ್ಟೆಕಿಚ್ಚು. ಸ್ವಂತ ಮಗಳ ಮೇಲೆ.

ಹತ್ತುವುದರ ಬಗ್ಗೆ ಯೋಚಿಸಿದ್ದೆ. ಇಳಿಯುವುದರ ಬಗ್ಗೆ — ಇಲ್ಲ, ಯೋಚನೆ ಬಂದಿರಲಿಲ್ಲ ಎಂದು ಬರೆಯಹೊರಟಿದ್ದೆ. ಬಂದಿತ್ತು. ತಳ್ಳಿಬಿಟ್ಟೆ.

ಭಾನುವಾರ ಬೆಳಿಗ್ಗೆ ಅವಳು ಗಾಳಿ ಹೊಡೆದುಕೊಂಡು ಪರೀಕ್ಷೆಗೆ ಹೊರಟಳು. ಕಡ್ಡಿ ಮೀಟಿ ನೋಡಲಿಲ್ಲ, ಶುಕ್ರವಾರವಷ್ಟೇ ನೋಡಿದ್ದಳಲ್ಲ. ಗುಡ್ಡ ಹತ್ತುವ ತನಕ ಗಾಲಿ ತಡೆಯಿತಂತೆ. ಮೇಲೆ ಹೋದ ಮೇಲೆ ಅವಳ ಗೆಳತಿ ವಿದ್ಯಾಳ ಬ್ರೇಕು ಹಿಡಿಯುತ್ತಿಲ್ಲ ಎಂದು ಗೊತ್ತಾಯಿತು. ಕಸ್ತೂರಿ ತನ್ನ ಸೈಕಲ್ ಅವಳಿಗೆ ಕೊಟ್ಟು, ಬ್ರೇಕಿಲ್ಲದ್ದನ್ನು ತಾನು ತಳ್ಳಿಕೊಂಡು ನಡೆದು ಇಳಿದಳು. ಮೊದಲನೆಯ ತಿರುವಿನಲ್ಲೇ ಖಡಿಯ ಮೇಲೆ ಹಿಂದಿನ ಗಾಲಿ ಮಡಚಿಕೊಂಡಿತು. ವಿದ್ಯಾ ಮೊಣಕೈ ಮೇಲೆ ಬಿದ್ದಳು.

ಸಂಜೆಯ ಮೊದಲೇ ಕಸ್ತೂರಿ ಬಂದಳು, ಲೋಕಲ್ ರೈಲಿನಲ್ಲಿ, ಕೈಯಲ್ಲಿ ಬರೀ ಗಾಲಿ. ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅವಳ ಕುರ್ತಾದ ಮೇಲೆ ವಿದ್ಯಾಳ ರಕ್ತ ಇತ್ತು. ಅಳುತ್ತಿರಲಿಲ್ಲ. ಗಾಲಿಯನ್ನು ನನ್ನ ಮುಂದೆ ಇಟ್ಟು ಕೂತಳು.

"ಯವ್ವಾ, ನೋಡಿ ಹೇಳು. ನಾ ಎಲ್ಲೆ ತಪ್ಪಿದೆ?"

ಆಗ ಹೇಳಬಹುದಿತ್ತು. ಒಂದೇ ಮಾತು. ನಾನು ಬೆರಳು ಆಡಿಸಿದೆ — ಎಲ್ಲಿವೆ ಎಂದು ಗೊತ್ತಿದ್ದರೂ ಹುಡುಕುವವಳ ಹಾಗೆ ಆಡಿಸಿದೆ. ಆ ಎಂಟು ಕಡ್ಡಿಗಳನ್ನು ತೋರಿಸಿದೆ.

"ಇವನ್ನ ಸಡಿಲ ಬಿಟ್ಟೀ. ಅವಸರ ಮಾಡೀದಿ. ನಿನ್ನ ಕೈ ಇನ್ನೂ ಕುಂತಿಲ್ಲ."

"ಹೌದಾ," ಎಂದಳು. ಮತ್ತೇನೂ ಕೇಳಲಿಲ್ಲ. ನಾನು ಹೇಳಿದ್ದು ಗಾಲಿಯ ವಿಷಯ ಅಲ್ಲವೇ — ಗಾಲಿಯ ವಿಷಯದಲ್ಲಿ ನನ್ನ ಮಾತನ್ನು ಯಾರು ಅನುಮಾನಿಸುತ್ತಾರೆ?

ಮರುದಿನ ಇಬ್ಬರೂ ಪರೇಲಿಗೆ, ವಿದ್ಯಾಳ ಚಾಳಿಗೆ ಹೋದೆವು. ಕಸ್ತೂರಿ ವಿದ್ಯಾಳ ತಾಯಿಯ ಕಾಲು ಹಿಡಿದು, ತಪ್ಪು ನನ್ನದು, ಗಾಲಿ ಕಟ್ಟಿದವಳು ನಾನು ಎಂದಳು. ಆ ಹೆಣ್ಣುಮಗಳು ಅವಳನ್ನು ಎಬ್ಬಿಸಿ ತಲೆ ನೇವರಿಸಿ, ನನ್ನ ಕಡೆ ತಿರುಗಿ ಹೇಳಿದಳು: "ಮುದ್ದಾಮ್ ಥೋಡಂಚ್ ಕೇಲಂಯ್ ತಿನಂ!" ಬೇಕಂತಲೇ ಮಾಡಿದಳೇ ಪಾಪ, ಎಂದು. ಮುದ್ದಾಮ್ ಎನ್ನುವ ಮಾತು ನಮ್ಮ ಕಡೆಯೂ ಇದೆ. ನನಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಮುದ್ದಾಮ್ ಮಾಡಿದವಳು ಬಾಗಿಲಲ್ಲಿ ನಿಂತಿದ್ದೆ. ಚಹ ಕೊಟ್ಟರು. ಕುಡಿದೆ.

ಯಾರಿಗಾದರೂ ಆಗುವಂಥದ್ದು, ನೀನು ಬಾ ಎಂದು ಸರ್ ಎರಡು ಸಲ ಮನೆಗೆ ಬಂದರು. ಕಸ್ತೂರಿ ಹಿಮಾಲಯಕ್ಕೆ ಹೋಗಲಿಲ್ಲ. ಸೈಕಲ್ ಬಿಟ್ಟಳು. ಬೆಳಗಾವಿಯ ಸಂಬಂಧಕ್ಕೆ ಹೂಂ ಎಂದಳು. ಗಂಡನ ನೌಕರಿ ಇಲ್ಲೇ ಆದ್ದರಿಂದ ಠಾಣೆಯಲ್ಲಿ ಮನೆ ಮಾಡಿದರು. ಪ್ರತಿ ದೀಪಾವಳಿಗೆ ವಿದ್ಯಾಳ ಮನೆಗೆ ಚಕ್ಕಲಿ ತೆಗೆದುಕೊಂಡು ಹೋಗುತ್ತಾಳೆ, ಇವತ್ತಿಗೂ. ವಿದ್ಯಾಗೆ ಆ ಕೈ ಎತ್ತಿ ಜಡೆ ಹಾಕಿಕೊಳ್ಳಲು ಬರುವುದಿಲ್ಲ ಎಂದು ಒಮ್ಮೆ ಹೇಳಿದ್ದಳು. ಆ ಚಕ್ಕಲಿ ಕರಿದುಕೊಡುವವಳು ನಾನೇ.

ನನ್ನ ಯಜಮಾನರು ಹೋಗಿ ಬಹಳ ದಿನವಾಯಿತು. ಅವರಿಗೂ ಹೇಳಲಿಲ್ಲ. ಹೀಗೇ ನಾನೂ ಹೋಗಿಬಿಡುತ್ತಿದ್ದೆ. ಆದರೆ ಕಸ್ತೂರಿಯ ಮಗಳು ಅನಘಾ, ಅವಳಿಗೆ ಖಡಿ ಮೇಲೆ ಸೈಕಲ್ ಹೊಡೆಯುವ ಹುಚ್ಚು. ಈಗ ಅದಕ್ಕೇ ಬೇರೆ ಸೈಕಲ್ ಬಂದಿದೆಯಂತೆ, ಗ್ರಾವೆಲ್ ಬೈಕ್ ಎನ್ನುತ್ತಾಳೆ. ಈ ಬೇಸಿಗೆಗೆ ಹಿಮಾಲಯದ ಅದೇ ಎತ್ತರದ ಕಾಡಿಗೆ ಹೊರಟಿದ್ದಾಳೆ. ಹೋದ ತಿಂಗಳು ತಾಯಿಯನ್ನೂ ಸೈಕಲ್ಲನ್ನೂ ಕರೆದುಕೊಂಡು ನನ್ನ ಮನೆಗೆ ಬಂದಳು.

"ಅಜ್ಜಿ, ಪೀಛೇ ವಾಲಾ ವ್ಹೀಲ್ ಥೋಡಾ ಔಟ್ ಐತಿ. ತೂ ದೇಖ್ ನಾ."

ಹಿಂದಿನ ಗಾಲಿ ಸ್ವಲ್ಪ ಓಲಾಡುತ್ತಿದೆ, ನೀನೇ ನೋಡು ಎಂದು. ನನ್ನ ಕಣ್ಣು ಮಂಜು, ಕೈ ನಡುಗುತ್ತದೆ. ಚಾವಿಯನ್ನು ಕಸ್ತೂರಿಯ ಕಡೆ ಚಾಚಿದೆ. ಅವಳು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೈಯಾಗ ಕೊಡಬ್ಯಾಡವ್ವಾ. ನಾ ಮುಟ್ಟಿದ್ದು ಖಡಿ ಮ್ಯಾಲೆ ನಿಲ್ಲೂದಿಲ್ಲ."

ಅನಘಾ ಚೇಷ್ಟೆ ಎಂದುಕೊಂಡು ನಕ್ಕಳು. ಕಸ್ತೂರಿಗೆ ಐವತ್ತು ದಾಟಿದೆ, ತಲೆ ಬೆಳ್ಳಗಾಗಿದೆ. ಆ ಕೈ ಅಡಗಿಸಿಕೊಂಡ ರೀತಿ ಮಾತ್ರ — ಬಿಸಿ ಪಾತ್ರೆ ಮುಟ್ಟಿ ಬೈಸಿಕೊಂಡ ಮಗುವಿನ ಹಾಗೆ. ನಾನು ಆಗಲೂ ಬಾಯಿ ಬಿಡಲಿಲ್ಲ. "ಅಂಗಡ್ಯಾಗ ಕೊಡ್ರಿ" ಎಂದೆ. ಅದನ್ನೂ ನನ್ನ ತಪ್ಪಿಗೆ ಸೇರಿಸಿಕೊಳ್ಳಿ.

ಅವರು ಹೋದ ಮೇಲೆ ಬರೆಯಲು ಕೂತೆ. ಹನ್ನೆರಡು ದಿನ ಹಿಡಿಯಿತು. ಈ ಭಾನುವಾರ ಇಬ್ಬರೂ ಬರುತ್ತಾರೆ, ಅನಘಾಳ ಗಾಲಿ ಸಮೇತ ಬರಲು ಹೇಳಿದ್ದೇನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಅವರ ಮುಂದೆ ನಾನೇ ಓದುತ್ತೇನೆ, ತಡವರಿಸಿದರೂ ನಾನೇ. ಆಮೇಲೆ ಕಸ್ತೂರಿ ಕರೆದುಕೊಂಡು ಹೋದರೆ ವಿದ್ಯಾಳ ಮನೆಗೆ ಹೋಗುತ್ತೇನೆ. ಕರೆದುಕೊಂಡು ಹೋಗದಿದ್ದರೆ ವಿಳಾಸ ಕೇಳಿಕೊಂಡು ಒಬ್ಬಳೇ ಹೋಗುತ್ತೇನೆ. ಮಗಳ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ ಹಾಗಾಗುತ್ತದೆ.

ಒಂದೇ ಮಾತು ನಾನು ಅವಳಿಗೆ ಹೇಳಬೇಕಾದದ್ದು. ಅದನ್ನು ಅವತ್ತೇ ಹೇಳಬೇಕಿತ್ತು.

ಕಸ್ತೂರಿ, ಆ ಶನಿವಾರ ಮಧ್ಯಾಹ್ನ ನಾನು ನಿನ್ನ ಗಾಲಿಯನ್ನು ಮೂರು ಸಲ ತಿರುಗಿಸಿದೆ. ಸೀಮೆಸುಣ್ಣ ಎಲ್ಲಿಯೂ ತಾಕಲಿಲ್ಲ.